ಅಂತರ್ಜಾಲ ಮತ್ತು ಅಂಗಳ: ಶಿರ್ವ ಪರಿಸರದಲ್ಲಿ ಒಡನಾಟ ಹಾಗೂ ಒಂಟಿತನ



ಹತ್ತು ಜನರ ನಡುವೆ ಕುಳಿತೂ ಮನುಷ್ಯ ಒಂಟಿಯಾಗಬಹುದು. ಮನೆಯಲ್ಲಿ ಒಬ್ಬನೇ ಇದ್ದೂ ಒಂಟಿಯೆನಿಸದೆ ಇರಬಹುದು. ಆದ್ದರಿಂದ ಮನೋವಿಜ್ಞಾನವು ಒಂಟಿತನವನ್ನು ತಲೆಯೆಣಿಸಿ ಅಳೆಯುವುದಿಲ್ಲ. ಒಬ್ಬರಿಗೆ ಬೇಕಾದ ಒಡನಾಟ ಎಷ್ಟು, ಸಿಗುತ್ತಿರುವುದು ಎಷ್ಟು, ಇವೆರಡರ ನಡುವೆ ಉಳಿಯುವ ಕೊರತೆಯನ್ನೇ ಅದು ಒಂಟಿತನ ಎನ್ನುತ್ತದೆ. ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ವೈಸ್ 1973ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಈ ಕೊರತೆಯನ್ನು ಎರಡಾಗಿ ವಿಂಗಡಿಸಿದರು. ಗಂಡ, ಹೆಂಡತಿ, ಮಗು, ತಾಯಿ ಇಂಥ ಆಪ್ತ ಜೀವವೊಂದು ಬಳಿಯಲ್ಲಿಲ್ಲದಾಗ ಆಗುವುದು ಭಾವನಾತ್ಮಕ ಒಂಟಿತನ. ನೆರೆಕರೆ, ಜತೆಗೆ ದುಡಿಯುವವರು, ಊರಿನ ಬಳಗ ಇಲ್ಲದಾದಾಗ ಆಗುವುದು ಸಾಮಾಜಿಕ ಒಂಟಿತನ. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡಲಾರದು ಎನ್ನುವುದು ವೈಸ್ ಅವರ ವಾದದ ತಿರುಳು.

ಈ ವಿಂಗಡಣೆ ಕರಾವಳಿಯ ಊರುಗಳಿಗೆ ತೀರ ಹತ್ತಿರದ್ದು. ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಶಿರ್ವ, ಅದರ ಸುತ್ತಲಿನ ಬಂಟಕಲ್, ಮೂಡುಬೆಳ್ಳೆ, ಬೆಳ್ಮಣ್, ಕಟಪಾಡಿ ಇವೆಲ್ಲ ಮಕ್ಕಳನ್ನು ದೂರಕ್ಕೆ ಕಳುಹಿಸಿ ಬದುಕು ಕಟ್ಟಿಕೊಂಡ ಊರುಗಳು. ದೂರದವರೊಡನೆ ಸಂಬಂಧ ಉಳಿಸಿಕೊಳ್ಳುವುದು ಇಲ್ಲಿ ಅಂತರ್ಜಾಲ ಬಂದ ಮೇಲೆ ಕಲಿತ ವಿದ್ಯೆಯಲ್ಲ. ಆ ಹಳೆಯ ವಿದ್ಯೆ ಹೇಗಿತ್ತು, ಅಂತರ್ಜಾಲ ಅದಕ್ಕೆ ಏನನ್ನು ಸೇರಿಸಿತು, ಊರಲ್ಲೇ ಉಳಿದವರ ಪರಸ್ಪರ ಒಡನಾಟದಿಂದ ಏನನ್ನು ಕಳೆಯಿತು, ಕಳೆದದ್ದನ್ನು ಅದೇ ತಂತ್ರಜ್ಞಾನ ಎಲ್ಲಿಯಾದರೂ ಹಿಂದಕ್ಕೆ ತಂದಿದೆಯೇ ಎಂಬ ನಾಲ್ಕು ವಿಷಯಗಳಿಗೆ ಈ ಉಪನ್ಯಾಸ ಸೀಮಿತ.

ಮೊದಲನೆಯದು, ಅಂತರ್ಜಾಲಕ್ಕೆ ಮುಂಚಿನ ಕಾಲ. ರಸ್ತೆಯೂ ರೈಲೂ ಇಲ್ಲದ ದಿನಗಳಲ್ಲಿ ಕರಾವಳಿಯ ಹುಡುಗರು ಹಡಗು ಹತ್ತಿ ಮುಂಬಯಿಗೆ ಹೋಗುತ್ತಿದ್ದರು. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡದ ರಾತ್ರಿ ಶಾಲೆಯಲ್ಲಿ ಕಲಿತವರ ತಲೆಮಾರುಗಳೇ ಇವೆ. ಅಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಹುಟ್ಟಿದವು. 1970ರ ದಶಕದಿಂದ ಈಚೆಗೆ ದಾರಿ ಕೊಲ್ಲಿ ರಾಷ್ಟ್ರಗಳತ್ತ ತಿರುಗಿತು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು ಇದ್ದರು. ರಾಜ್ಯದಲ್ಲೇ ಇದು ಅತಿ ಹೆಚ್ಚಿನ ಪ್ರಮಾಣ. ಹೆಣ್ಣಿಗೆ ಇಲ್ಲಿ ಪರಂಪರೆಯಿಂದ ಇರುವ ಸ್ಥಾನ ಇದಕ್ಕೆ ಒಂದು ಕಾರಣ. ದುಡಿಯುವ ಪ್ರಾಯದ ಗಂಡಸರು ಊರಲ್ಲಿಲ್ಲದಿರುವುದು ಮತ್ತೊಂದು.

ದೂರದವರ ಸುದ್ದಿ ಆಗ ಬಹಳ ಕೈಗಳನ್ನು ದಾಟಿ ಬರುತ್ತಿತ್ತು. ಅಂಚೆಯಣ್ಣ ಕಾಗದ ತರುತ್ತಿದ್ದ. ಓದು ಬಾರದ ತಾಯಿಗೆ ಪಕ್ಕದ ಮನೆಯ ಶಾಲೆಯ ಹುಡುಗಿ ಅದನ್ನು ಓದಿ ಹೇಳುತ್ತಿದ್ದಳು, ಉತ್ತರವನ್ನೂ ಅವಳೇ ಬರೆಯುತ್ತಿದ್ದಳು. ಮನಿಯಾರ್ಡರ್ ಬಂದರೆ ಹೆಬ್ಬೆಟ್ಟಿಗೆ ಸಾಕ್ಷಿ ಬೇಕಾಗುತ್ತಿತ್ತು. ಹೀಗೆ ಮಗ ಕಳುಹಿಸಿದ ಹಣವೆಷ್ಟು, ಸೊಸೆಗೆ ಎಷ್ಟನೆಯ ತಿಂಗಳು ಎಂಬುದು ನೆರೆಮನೆಗೂ ತಿಳಿದಿರುತ್ತಿತ್ತು. ಗುಟ್ಟು ಉಳಿಯುತ್ತಿರಲಿಲ್ಲ ಎನ್ನುವುದು ನಿಜ, ಅದರಿಂದ ನೊಂದವರೂ ಇದ್ದಾರೆ. ಆದರೆ ಕಾಗದ ಬಾರದೆ ಹೋದ ತಿಂಗಳಲ್ಲಿ ಆತಂಕವನ್ನು ಹಂಚಿಕೊಳ್ಳಲು ಅದೇ ನೆರೆಮನೆ ಇತ್ತು.

ದೂರವಾಣಿ ಬಂದಾಗಲೂ ಈ ಪದ್ಧತಿ ಕೂಡಲೇ ಅಳಿಯಲಿಲ್ಲ. ಊರಿಗೆ ಒಂದೆರಡು ಮನೆಯಲ್ಲಿ ಫೋನ್ ಇದ್ದ ಕಾಲದಲ್ಲಿ ಉಳಿದವರು ಆ ನಂಬರನ್ನೇ ‘ಪಿ.ಪಿ.’ ಎಂದು ಬರೆದು ಕೊಡುತ್ತಿದ್ದರು. ಕರೆ ಬಂದರೆ ಆ ಮನೆಯವರು ಅಂಗಳದ ಅಂಚಿಗೆ ಬಂದು ಕೂಗಿ ಕರೆಯುವುದು. ಇವರು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಗದ್ದೆಯ ಬದುವಿನಲ್ಲಿ ಓಡುವುದು. ಆ ಕಡೆಯವರು ಇಟ್ಟು ಹತ್ತು ನಿಮಿಷ ಬಿಟ್ಟು ಮತ್ತೆ ಮಾಡುವುದು. ಆ ಹತ್ತು ನಿಮಿಷ ಫೋನಿನ ಮನೆಯ ಜಗಲಿಯಲ್ಲಿ ಕುಳಿತು ಮಾತಾಡಲೇಬೇಕಿತ್ತು. ಮುಂದೆ ಎಸ್‌ಟಿಡಿ ಬೂತ್‌ಗಳು ಬಂದವು. ರಾತ್ರಿ ಹನ್ನೊಂದರ ನಂತರ ಕಾಲು ದರ ಎಂಬ ಕಾರಣಕ್ಕೆ ಬೂತಿನ ಮುಂದೆ ಆ ಹೊತ್ತಿಗೆ ಸರತಿ. ಕೊಲ್ಲಿಯಿಂದ ಊರಿಗೆ ಬರುವವರ ಕೈಯಲ್ಲಿ ಮಾತು ತುಂಬಿದ ಕ್ಯಾಸೆಟ್ ಕಳುಹಿಸುವ ರೂಢಿಯೂ ಇತ್ತು.

ಈ ಹಳೆಯ ವ್ಯವಸ್ಥೆಯನ್ನು ಈಗ ಹಂಬಲಿಸುವವರು ಅದರ ಕ್ರೌರ್ಯವನ್ನೂ ನೆನೆಯಬೇಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಅಲ್ಲಿದ್ದ ಭಾರತೀಯರಲ್ಲಿ ಸುಮಾರು 1,70,000 ಮಂದಿಯನ್ನು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತರಲು ಅಕ್ಟೋಬರ್ ತನಕ ಹಿಡಿಯಿತು. ಆ ವಾರಗಳಲ್ಲಿ ಕರಾವಳಿಯ ಅನೇಕ ಮನೆಗಳಿಗೆ ತಮ್ಮವರು ಬದುಕಿದ್ದಾರೆಯೇ ಎಂಬುದೇ ತಿಳಿದಿರಲಿಲ್ಲ. ಮೊದಲು ಬಂದಿಳಿದವರ ಮನೆಗೆ ಊರವರೆಲ್ಲ ಹೋಗಿ ತಮ್ಮವರನ್ನು ಕಂಡಿದ್ದೀರಾ ಎಂದು ಕೇಳುವ ಸ್ಥಿತಿ. ಒಂದು ಸಾಲಿನ ಸಂದೇಶ ಆ ದಿನಗಳಲ್ಲಿ ಎಷ್ಟು ಬೆಲೆಬಾಳುತ್ತಿತ್ತು ಎಂಬುದನ್ನು ಹೇಳಲು ಬೇರೆ ಉದಾಹರಣೆ ಬೇಕಿಲ್ಲ.

ಇನ್ನು ಎರಡನೆಯ ವಿಷಯಕ್ಕೆ ಬರಬಹುದು: ಅಂತರ್ಜಾಲ ಕೊಟ್ಟದ್ದೇನು. ಭಾರತದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ತೆರೆದದ್ದು 1995ರ ಆಗಸ್ಟ್ 15ರಂದು. ಸೈಬರ್ ಕೆಫೆಯ ಕಾಲ ಬಂದು ಹೋಯಿತು. ಆದರೆ ಅಂತರ್ಜಾಲ ಅಡುಗೆ ಮನೆಯ ತನಕ ಬಂದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾದ ಬೆಲೆ ಕುಸಿದ ಮೇಲೆ.

ಕರಾವಳಿಯ ಮಟ್ಟಿಗೆ ಅದರ ಅತಿ ದೊಡ್ಡ ಕೊಡುಗೆ ಭಾಷೆಗೆ ಸಂಬಂಧಿಸಿದ್ದು. ಇದು ಸಾಕಷ್ಟು ಗಮನಕ್ಕೆ ಬಂದಿಲ್ಲ. ಶಿರ್ವದ ಮನೆಗಳ ಒಳಮಾತು ತುಳು, ಕೊಂಕಣಿ, ಬ್ಯಾರಿ. ಕಾಗದದ ಭಾಷೆ ಮಾತ್ರ ಹೆಚ್ಚಾಗಿ ಶಾಲೆಯಲ್ಲಿ ಕಲಿತ ಕನ್ನಡ. ತಾಯಿ ತುಳುವಿನಲ್ಲಿ ಹೇಳಿದ್ದನ್ನು ಬರೆಯುವ ಹುಡುಗಿ ಕನ್ನಡಕ್ಕೆ ತಿರುಗಿಸುತ್ತಿದ್ದಳು. ‘ಇತ್ತ ಎಲ್ಲರೂ ಕ್ಷೇಮ’ ಎಂಬ ಒಕ್ಕಣೆಯೊಳಗೆ ಬೈಗುಳ, ಮುದ್ದು, ಅಳು ಎಲ್ಲವೂ ಮಡಚಿಹೋಗುತ್ತಿದ್ದವು. ಧ್ವನಿ ಸಂದೇಶ ಬಂದ ಮೇಲೆ ಅಕ್ಷರ ಬಾರದ ಮುದುಕಿಯೂ ಯಾರ ನೆರವೂ ಇಲ್ಲದೆ, ತನ್ನ ಮಾತಿನಲ್ಲಿ, ತನ್ನ ರಾಗದಲ್ಲಿ ಮಗನನ್ನು ಗದರಿಸಬಲ್ಲವಳಾದಳು. ಬರವಣಿಗೆ ಬಲವಾಗಿ ಬೇರೂರದ ಭಾಷೆಗಳನ್ನು ಆಡುವ ಜನರಿಗೆ ಇದು ಸಣ್ಣ ಲಾಭವಲ್ಲ.

ವಿಡಿಯೋ ಕರೆಯ ಸಂಜೆಯೊಂದನ್ನು ಹತ್ತಿರದಿಂದ ನೋಡಬಹುದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸ್‌ಆ್ಯಪ್ ಕರೆಗೆ ಬಹುಕಾಲದಿಂದ ಅವಕಾಶವಿಲ್ಲದ ಕಾರಣ ಇಲ್ಲಿನ ಹಿರಿಯರ ಫೋನಿನಲ್ಲಿ ಬೋಟಿಮ್‌ನಂಥ ಆ್ಯಪ್‌ಗಳು ಇರುತ್ತವೆ. ಶಿರ್ವದಲ್ಲಿ ಏಳೂವರೆಯಾದಾಗ ದುಬೈಯಲ್ಲಿ ಆರು, ಕುವೈತಿನಲ್ಲಿ ಐದು. ಕ್ರೈಸ್ತ ಮನೆಗಳಲ್ಲಿ ಅದು ತೇರ್ಸಿನ, ಅಂದರೆ ಜಪಮಾಲೆಯ ಹೊತ್ತು. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಡ್ಯೂಟಿ ಮುಗಿಸಿ ಬಂದ ಮಗಳು, ಅವಳ ಮಗು. ಇತ್ತ ಅಲ್ತಾರಿನ ಮುಂದೆ ಅಜ್ಜಿ. ನಡುವೆ ನೆಟ್‌ವರ್ಕ್ ನಿಂತು ಮುಖ ಸ್ತಬ್ಧವಾಗುತ್ತದೆ, ಅಜ್ಜಿ ಪ್ರಾರ್ಥನೆಯನ್ನು ನಿಲ್ಲಿಸುವುದಿಲ್ಲ. ಕೊನೆಗೆ ಮಗು ಕೈಜೋಡಿಸಿ ‘ಬೆಸಾಂವ್’ ಬೇಡುತ್ತದೆ, ಅಜ್ಜಿ ಪರದೆಯತ್ತ ಕೈ ಎತ್ತಿ ಹರಸುತ್ತಾಳೆ. ವೈಸ್ ಹೇಳಿದ ಭಾವನಾತ್ಮಕ ಒಂಟಿತನಕ್ಕೆ ಇದು ನಿಜವಾದ ಮದ್ದು. ಇದನ್ನು ಕೃತಕ ಎಂದು ತಳ್ಳಿಹಾಕುವವರು ವಿರಹದ ಆ ಹಳೆಯ ವರ್ಷಗಳನ್ನು ಮರೆತು ಮಾತಾಡುತ್ತಾರೆ.

ಸಾವಿನ ಮನೆಗೂ ಅಂತರ್ಜಾಲ ಬಂದಿದೆ. ಚರ್ಚಿನ ಅಂತ್ಯಕ್ರಿಯೆಯ ನೇರಪ್ರಸಾರ ಉಡುಪಿ, ಮಂಗಳೂರು ಕಡೆಗಳಲ್ಲಿ ಈಗ ಸಾಮಾನ್ಯ. ರಜೆ ಸಿಗದ ಮಗ ಕೊನೆಯ ದರ್ಶನವನ್ನಾದರೂ ಪಡೆಯುತ್ತಾನೆ. ದೇವಸ್ಥಾನದ ಬ್ರಹ್ಮಕಲಶಕ್ಕೆ ‘ಮುಂಬಯಿ ಸಮಿತಿ’ ಇರುವುದು ಹಳೆಯ ಸಂಪ್ರದಾಯ. ಈಗ ಆ ಸಮಿತಿಯ ಸಭೆ ಆನ್‌ಲೈನಿನಲ್ಲಿ ನಡೆಯುತ್ತದೆ. ಕುಟುಂಬದ ಮನೆಯ ತಂಬಿಲ, ನಾಗದರ್ಶನದ ದಿನ ಗೊತ್ತುಮಾಡುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಎರಡು ತಲೆಮಾರು ಒಬ್ಬರನ್ನೊಬ್ಬರು ಕಾಣದ ದಾಯಾದಿಗಳು ಇಂಥ ಗುಂಪಿನಿಂದಾಗಿ ಒಂದೇ ಚಪ್ಪರದಡಿ ಕುಳಿತು ಉಂಡದ್ದುಂಟು.

2020ರ ಮೇ ಮತ್ತು ಜೂನ್ ತಿಂಗಳುಗಳು ಈ ಎಲ್ಲದಕ್ಕೂ ಪರೀಕ್ಷೆಯಾಗಿದ್ದವು. ಮಹಾರಾಷ್ಟ್ರದಿಂದ ಸಾವಿರಾರು ಮಂದಿ ಊರಿಗೆ ಮರಳಿದರು. ಕೋವಿಡ್ ಪ್ರಕರಣಗಳಲ್ಲಿ ಉಡುಪಿ ಜಿಲ್ಲೆ ಕೆಲಕಾಲ ರಾಜ್ಯಕ್ಕೇ ಮೊದಲ ಸ್ಥಾನದಲ್ಲಿತ್ತು. ಬಂದವರನ್ನು ಶಾಲೆಗಳಲ್ಲಿ ಕ್ವಾರಂಟೈನ್ ಮಾಡಲಾಯಿತು. ಮನೆಯ ಹೆಂಚು ಕಾಣುವಷ್ಟು ಹತ್ತಿರದ ತರಗತಿಯಲ್ಲಿ ಮಲಗಿ, ಮುಂಬಯಿಯಲ್ಲಿದ್ದಾಗ ಮಾತಾಡುತ್ತಿದ್ದ ಹಾಗೆಯೇ ತಾಯಿಯೊಡನೆ ಫೋನಿನಲ್ಲಿ ಮಾತಾಡಿದವರಿದ್ದಾರೆ. ಫೋನ್ ಇಲ್ಲದಿದ್ದರೆ ಆ ದಿನಗಳು ಇನ್ನೂ ಕಠಿಣವಾಗುತ್ತಿದ್ದವು. ಆದರೆ ‘ಮುಂಬಯಿಯವರು ಬಂದಿದ್ದಾರೆ, ಆ ಕಡೆ ಹೋಗಬೇಡಿ’ ಎಂಬ ಸಂದೇಶವನ್ನು ಮನೆಮನೆಗೆ ಹರಡಿದ್ದೂ ಅದೇ ಫೋನ್.

ಈಗ ಮೂರನೆಯ ವಿಷಯ. ಇದು ಹೆಚ್ಚು ವಿವರವಾಗಿ ನೋಡಬೇಕಾದದ್ದು, ಏಕೆಂದರೆ ಇಲ್ಲಿ ಆದ ನಷ್ಟ ಯಾರ ಕಣ್ಣಿಗೂ ನಷ್ಟವಾಗಿ ಬೀಳಲಿಲ್ಲ.

1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನು ಏಜೆಂಟರು ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಪಡೆಯುತ್ತಿದ್ದರು. ಬ್ಯಾಂಕಿನ ಇತಿಹಾಸ ಇದನ್ನು ಉಳಿತಾಯದ ಸಾಧನೆಯಾಗಿ ದಾಖಲಿಸುತ್ತದೆ, ಅದು ಸರಿಯೇ. ಒಡನಾಟದ ದೃಷ್ಟಿಯಿಂದ ನೋಡಿದರೆ ಅದು ದಿನವೂ ಒಬ್ಬ ಪರಿಚಿತ ಮನುಷ್ಯ ಬಾಗಿಲಿಗೆ ಬರುವ ಏರ್ಪಾಡು. ಪಿಗ್ಮಿ ಕಲೆಕ್ಟರಿಗೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ, ಯಾರ ಅಂಗಡಿ ಎರಡು ದಿನದಿಂದ ತೆರೆದಿಲ್ಲ ಎಂಬುದು ಗೊತ್ತಿರುತ್ತಿತ್ತು. ಸಹಕಾರ ಸಂಘಗಳ ಪಿಗ್ಮಿ ಇಂದಿಗೂ ಇದೆ. ಆದರೆ ಯುಪಿಐ ಬಂದ ಮೇಲೆ ಹಣಕ್ಕಾಗಿ ಬಾಗಿಲಿಗೆ ಬರುವವರೂ, ಹಣಕ್ಕಾಗಿ ಪೇಟೆಗೆ ಹೋಗುವವರೂ ಕಡಿಮೆಯಾಗುತ್ತಿದ್ದಾರೆ.

ಇದು ಒಂದೇ ಉದಾಹರಣೆಯಲ್ಲ. ಶಿರ್ವದ ಮಂಚಕಲ್ ಪೇಟೆಗೆ ಹೋಗಿ ಮಾಡಬೇಕಾಗಿದ್ದ ಕೆಲಸಗಳು ಒಂದೊಂದಾಗಿ ಫೋನಿಗೆ ಇಳಿದವು: ಕರೆಂಟು ಬಿಲ್ಲು, ಗ್ಯಾಸ್ ಬುಕಿಂಗ್, ರೈಲು ಟಿಕೆಟ್, ಪಾಸ್‌ಬುಕ್ ಎಂಟ್ರಿ. ಪ್ರತಿಯೊಂದರಲ್ಲೂ ಅರ್ಧ ದಿನ ಉಳಿಯಿತು, ಬಸ್ಸಿನ ಹಣ ಉಳಿಯಿತು. ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದ ಗೆಳೆಯನೂ, ಹೋಟೆಲಿನ ಒಂದು ಚಾಯವೂ ಆ ಲೆಕ್ಕದಿಂದ ಹೊರಗುಳಿದವು. ಮೀನಿನವಳು ಬುಟ್ಟಿ ಇಳಿಸಿ ಕುಳಿತು ಸುದ್ದಿ ಹೇಳುತ್ತಿದ್ದ ಜಾಗದಲ್ಲಿ, ಬೆಳಗ್ಗೆ ಗುಂಪಿಗೆ ಬಂದ ಫೋಟೋ ನೋಡಿ ಆರ್ಡರ್ ಮಾಡುವ ಮನೆಗಳಿವೆ. ಬೀಡಿ ಕಟ್ಟುವ ಹೆಂಗಸರು ಎಲೆ, ಹೊಗೆಸೊಪ್ಪು ತರಲೂ ಕಟ್ಟಿದ ಬೀಡಿ ಕೊಡಲೂ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗುತ್ತಿದ್ದರು. ಆ ದಾರಿಯ ಮಾತು ಅವರ ಪಾಲಿಗೆ ದಿನದ ಬಿಡುವು. ಬೀಡಿ ಕ್ಷೀಣಿಸಿದ್ದು ಬೇರೆ ಕಾರಣಗಳಿಂದ, ಅದರ ಹೊಣೆಯನ್ನು ಅಂತರ್ಜಾಲದ ಮೇಲೆ ಹೊರಿಸುವಂತಿಲ್ಲ. ಕೂಡು ಕುಟುಂಬ ಒಡೆದದ್ದು, ಗದ್ದೆ ಬೇಸಾಯ ನಿಂತು ನೇಜಿ ನೆಡುವ ಸಾಲುಗಳು ಇಲ್ಲವಾದದ್ದು, ಮನೆ ಸುತ್ತ ಕಾಂಪೌಂಡು ಎದ್ದದ್ದು ಇವೂ ಅಂತರ್ಜಾಲಕ್ಕಿಂತ ಹಿಂದಿನವು. ಅಂತರ್ಜಾಲ ಕೊನೆಗೆ ಉಳಿದಿದ್ದ ನೆವಗಳನ್ನು ತೆಗೆದುಕೊಂಡಿತು. ಮನುಷ್ಯರು ಒಬ್ಬರನ್ನೊಬ್ಬರು ಭೇಟಿಯಾಗುವುದು ಹೆಚ್ಚಾಗಿ ಭೇಟಿಯ ಸಲುವಾಗಿ ಅಲ್ಲ, ಬೇರೆ ಕೆಲಸದ ನೆವದಲ್ಲಿ. ನೆವ ಹೋದರೆ ಭೇಟಿಯೂ ಹೋಗುತ್ತದೆ, ಅದನ್ನು ಯಾರೂ ನಿರ್ಧರಿಸಿರುವುದಿಲ್ಲ.

ಸಾವಿನ ಸುದ್ದಿಯಲ್ಲಿ ಈ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಇಗರ್ಜಿಯ ಗಂಟೆ ಬಾರಿಸಿದರೆ, ಅಥವಾ ಒಬ್ಬಾತ ಬಂದು ಅಂಗಳದಲ್ಲೇ ನಿಂತು ಸುದ್ದಿ ಹೇಳಿ ಹೋದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುವುದೇ ಉತ್ತರ. ಈಗ ಗುಂಪಿನಲ್ಲಿ ಫೋಟೋ ಸಹಿತ ಸುದ್ದಿ ಬರುತ್ತದೆ, ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬೀಳುತ್ತವೆ. ಚಿತ್ರ ಒತ್ತಿದವರ ಮನಸ್ಸಿನಲ್ಲಿ ದುಃಖ ಇಲ್ಲವೆಂದಲ್ಲ. ಒತ್ತಿದ ಮೇಲೆ ಕರ್ತವ್ಯ ಮುಗಿಯಿತೆಂಬ ಸಮಾಧಾನ ಬಂದುಬಿಡುತ್ತದೆ. ದುಬೈಯ ಮಗನಿಗೆ ಆ ಚಿತ್ರಗಳು ಆಸರೆ. ಹೆಣ ಎತ್ತಲು ನಾಲ್ಕು ಹೆಗಲು ಹುಡುಕುವ ಮನೆಯವರಿಗೆ ಅವುಗಳಿಂದ ಏನೂ ಆಗದು.

ಆದ್ದರಿಂದ ಶಿರ್ವದಂಥ ಊರಿನಲ್ಲಿ ಎರಡು ಬಗೆಯ ಒಂಟಿತನಗಳು ವಿರುದ್ಧ ದಿಕ್ಕಿಗೆ ಚಲಿಸಿವೆ ಎನ್ನಬಹುದು. ಮಕ್ಕಳ ಅಗಲಿಕೆಯ ನೋವು ಎಷ್ಟೋ ಹಗುರವಾಗಿದೆ. ನೆರೆಕರೆಯ ಬಲ ಸವೆದಿದೆ. ದಿನವೂ ಮೂರು ದೇಶಗಳ ಮಕ್ಕಳೊಡನೆ ಮಾತಾಡುವ ವೃದ್ಧರು, ರಾತ್ರಿ ಎದೆನೋವು ಬಂದರೆ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಲು ಯಾರನ್ನು ಕೂಗಬೇಕೆಂದು ತಿಳಿಯದೆ ಮಗನಿಗೆ ಕರೆ ಮಾಡುತ್ತಾರೆ. ಮಗ ಅಲ್ಲಿಂದ ಊರಿನ ರಿಕ್ಷಾದವರಿಗೆ ಕರೆ ಮಾಡುತ್ತಾನೆ.

ವಿಶಾಲ ಜಗತ್ತಿನ ಅಧ್ಯಯನಗಳು ಇದನ್ನು ಬೇರೆ ಕಡೆಯಿಂದ ಬೆಂಬಲಿಸುತ್ತವೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು 73 ಮನೆಗಳ 169 ಮಂದಿಯನ್ನು ಅಂತರ್ಜಾಲ ಬಂದ ಹೊಸತರಲ್ಲಿ ಗಮನಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚು ಬಳಸಿದವರಲ್ಲಿ ಮನೆಮಂದಿಯೊಡನೆ ಮಾತು ಕಡಿಮೆಯಾಗಿ ಒಂಟಿತನ ಹೆಚ್ಚಿದ್ದು ಅದರಲ್ಲಿ ಕಂಡಿತು. ಅದೇ ತಂಡ 2002ರಲ್ಲಿ ಪ್ರಕಟಿಸಿದ ಮರುಅಧ್ಯಯನದಲ್ಲಿ ಆ ದುಷ್ಪರಿಣಾಮ ಬಹುಮಟ್ಟಿಗೆ ಇಳಿದಿತ್ತು. ಜನರೊಡನೆ ಬೆರೆಯುವ ಸ್ವಭಾವದವರಿಗೆ, ಮೊದಲೇ ಬಂಧುಬಳಗ ಇದ್ದವರಿಗೆ ಅಂತರ್ಜಾಲದಿಂದ ಲಾಭವಾಗಿತ್ತು. ಸಂಕೋಚದವರಿಗೆ ಅಷ್ಟಾಗಿ ಆಗಲಿಲ್ಲ. ಬಳಗ ಇರುವವರ ಬಳಗವನ್ನು ಅದು ಬೆಳೆಸುತ್ತದೆ. ಮಣಿಪಾಲ, ಉಡುಪಿಗಳ ಹಾಸ್ಟೆಲು, ಪಿ.ಜಿ.ಗಳಲ್ಲಿ ಹೊಸದಾಗಿ ಬಂದಿಳಿಯುವ ವಿದ್ಯಾರ್ಥಿಗಳ ವಿಷಯದಲ್ಲಿ ಅಧ್ಯಾಪಕರು ನೆನಪಿಡಬೇಕಾದ ಮಾತಿದು. ಫೋನಿನ ಬಳಕೆ ಕೈಮೀರಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಎಂಬ ಚಿಕಿತ್ಸಾಲಯ ತೆರೆದಿದೆ.

ಒಂಟಿತನವನ್ನು ಆರೋಗ್ಯದ ಪ್ರಶ್ನೆಯಾಗಿ ಜಗತ್ತಿನ ಮುಂದಿಟ್ಟವರಲ್ಲಿ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಪ್ರಮುಖರು. ಅಮೆರಿಕದ ಸರ್ಜನ್ ಜನರಲ್ ಆಗಿ ಅವರು 2023ರಲ್ಲಿ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಿದ್ದಾರೆಂದು ಅಂದಾಜಿಸಿತು.

ಕೊನೆಯದಾಗಿ ನಾಲ್ಕನೆಯ ವಿಷಯ. ಕಳೆದುಹೋದ ನೆವಗಳನ್ನು ತಂತ್ರಜ್ಞಾನವೇ ಮರಳಿ ತಂದುಕೊಡಬಹುದೇ? ಒಂದು ಕಡೆ ತಂದಿದೆ. 2018ರ ಸೆಪ್ಟೆಂಬರ್ 1ರಂದು ಆರಂಭವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಿಂದಾಗಿ ಅಂಚೆಯಣ್ಣನ ಕೈಗೆ ಮೊಬೈಲೂ ಬೆರಳ ಗುರುತು ಓದುವ ಯಂತ್ರವೂ ಬಂದವು. ಬ್ಯಾಂಕಿಗೆ ಹೋಗಲಾಗದ ವೃದ್ಧರ ಖಾತೆಯಿಂದ ಅವರ ಮನೆಯಲ್ಲೇ ಹಣ ತೆಗೆದು ಕೊಡಲು ಅದರಿಂದ ಸಾಧ್ಯ. ಪಿಂಚಣಿದಾರರು ಪ್ರತಿವರ್ಷ ಒಪ್ಪಿಸಬೇಕಾದ ಜೀವಂತ ಪ್ರಮಾಣಪತ್ರವನ್ನು ಡಿಜಿಟಲ್ ರೂಪದಲ್ಲಿ ಕೊಡುವ ವ್ಯವಸ್ಥೆ 2014ರಲ್ಲಿ ಬಂದಿತ್ತು. 2020ರಿಂದ ಅದನ್ನೂ ಅಂಚೆಯವರು ಮನೆಗೆ ಬಂದು ಮಾಡಿಸಿಕೊಡುತ್ತಾರೆ. ಕಾಗದ ನಿಂತ ಮೇಲೆ ಅಂಗಳ ತುಳಿಯದಿದ್ದ ಅಂಚೆಯಣ್ಣ ಅಂತರ್ಜಾಲದ ಕಾರಣದಿಂದಲೇ ಮತ್ತೆ ಜಗಲಿಗೆ ಬಂದಂತಾಯಿತು. ದುಡಿದು ಸವೆದ ಬೆರಳಿನ ಗುರುತನ್ನು ಯಂತ್ರ ಬೇಗನೆ ಒಪ್ಪುವುದಿಲ್ಲ. ಬೆರಳು ತೊಳೆದು, ಒರೆಸಿ, ಇನ್ನೊಂದು ಬೆರಳಿಟ್ಟು ನೋಡಬೇಕು. ಅಷ್ಟರಲ್ಲಿ ಔಷಧಿ ಮುಗಿದ ವಿಷಯ, ಬಿದ್ದು ಕಾಲು ನೋಯಿಸಿಕೊಂಡ ವಿಷಯ ಹೊರಬರುತ್ತದೆ.

ಊರಿನ ರಕ್ತದಾನಿಗಳ ಗುಂಪುಗಳು, ಸ್ವಸಹಾಯ ಸಂಘಗಳ ವಾರದ ಸಭೆಯ ಸಂದೇಶಗಳು, ಭಜನಾ ಮಂಡಳಿಯ ಗುಂಪುಗಳು ಇದೇ ಜಾತಿಯವು. ಇವುಗಳಲ್ಲಿ ಸಂದೇಶ ಕೊನೆಗೊಳ್ಳುವುದು ಒಬ್ಬರು ಇನ್ನೊಬ್ಬರ ಮುಂದೆ ಬಂದು ನಿಲ್ಲುವುದರಲ್ಲಿ. ಪಂಚಾಯತು, ಸಹಕಾರ ಸಂಘ, ಚರ್ಚು, ದೇವಸ್ಥಾನಗಳು ಹೊಸ ಆನ್‌ಲೈನ್ ಸೇವೆಯನ್ನು ಯೋಜಿಸುವಾಗ ಎಷ್ಟು ಸಮಯ ಉಳಿಯುತ್ತದೆ ಎಂಬುದರ ಜತೆಗೆ ಎಷ್ಟು ಭೇಟಿಗಳು ಇಲ್ಲವಾಗುತ್ತವೆ, ಅವಕ್ಕೆ ಬದಲಿ ಏನು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆ ಲೆಕ್ಕ ಹಿಡಿಯುವುದು ಒಮ್ಮೆ ಮಾಡಿ ಮುಗಿಸುವ ಕೆಲಸವೂ ಅಲ್ಲ. 2021ರಿಂದ ಜೀವಂತ ಪ್ರಮಾಣಪತ್ರಕ್ಕೆ ಬೆರಳ ಗುರುತಿನ ಬದಲು ಮುಖವನ್ನೇ ಫೋನಿಗೆ ತೋರಿಸಿದರೆ ಸಾಕೆಂಬ ಅನುಕೂಲ ಬಂದಿದೆ. ಹಾಸಿಗೆ ಹಿಡಿದವರಿಗೂ, ಬೆರಳಿನ ಗೆರೆ ಅಳಿದವರಿಗೂ ಅದು ನಿಜವಾದ ಉಪಕಾರ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದು, ಅದನ್ನು ಬಳಸಲು ಬಲ್ಲ ಮೊಮ್ಮಗ ಇದ್ದರೆ ಅಂಚೆಯಣ್ಣ ಬರಬೇಕಾಗಿಲ್ಲ. ಸದ್ಯಕ್ಕೆ ಎರಡೂ ದಾರಿಗಳು ತೆರೆದೇ ಇವೆ. ಮನೆಗೆ ಬರಲು ಹೇಳಬೇಕೋ, ಫೋನಿನಲ್ಲೇ ಮುಗಿಸಬೇಕೋ ಎಂಬುದನ್ನು ಪ್ರತಿವರ್ಷ ನವೆಂಬರಿನಲ್ಲಿ ಆಯಾ ಮನೆಯವರೇ ತೀರ್ಮಾನಿಸುತ್ತಾರೆ.